ಗಂಗಾಂಬಿಕಾ ಆರಿಸಿಕೊಟ್ಟ ರ‍್ಯಾಮ್

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗುರುಬಸವರಾಜನ ಆನ್‌ಲೈನ್ ಸೆಂಟರ್ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ ಕೂತು ಕೆಲಸ ಮಾಡುವವಳು ಅವನ ಹೆಂಡತಿ ಗಂಗಾಂಬಿಕಾ ಎಂಬುದೂ ಗೊತ್ತಿತ್ತು, ಆದರೆ ಯಾರೂ ಬಾಯಿಬಿಟ್ಟು ಹಾಗೆ ಹೇಳುತ್ತಿರಲಿಲ್ಲ. ಪಹಣಿ ತೆಗೆಸುವವರು, ಬೆಳೆ ವಿಮೆ ತುಂಬುವವರು ಬಾಗಿಲಲ್ಲಿ ಇಣುಕಿ, "ಯಜಮಾನ್ರು ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಯಜಮಾನರು ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ರಾಜಕೀಯ ಮಾತಾಡುತ್ತಿರುತ್ತಿದ್ದರು. "ಬರ್ತಾರ, ಕುಂದರ್ರಿ" ಎಂದು ಹೇಳಿ, ಅವನು ಬರುವುದರೊಳಗೆ ಅವರ ಕೆಲಸ ಮುಗಿಸಿ ಕಳಿಸುವುದು ಅವಳ ರೂಢಿ.

ಅವಳು ಹೊಳಲಿನವಳು. ಅಪ್ಪ ಮರುಳಪ್ಪನದು ಹಿಟ್ಟಿನ ಗಿರಣಿ. ಹಡಗಲಿಗೆ ಬಸ್ಸಿನಲ್ಲಿ ಹೋಗಿ ಬಂದು ಕಂಪ್ಯೂಟರ್ ಕೋರ್ಸ್ ಮುಗಿಸಿದ್ದಳು. ಮದುವೆಯಲ್ಲಿ ಬೀಗರು ಬೈಕ್ ಕೇಳಿದರು. ಮರುಳಪ್ಪ ಬೈಕ್ ಕೊಟ್ಟ, ಅದರ ಜೊತೆಗೆ ಯಾವುದೋ ಕಚೇರಿಯವರು ಮಾರಿದ ಹಳೆಯ ಡೆಸ್ಕ್‌ಟಾಪ್ ಒಂದನ್ನೂ ಗಾಡಿಗೆ ಹೇರಿದ. "ಇದು ನನ್ನ ಮಗಳದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಯೂ ಇದ್ದ. ಬೈಕ್ ಗುಜರಿಗೆ ಹೋಯಿತು. ಡೆಸ್ಕ್‌ಟಾಪ್ ಆ ಮನೆಗೆ ಅನ್ನ ಹಾಕುವ ಅಂಗಡಿಯಾಯಿತು. ಅಂಗಡಿಯ ಮೇಲೆ ಗಂಡನ ಹೆಸರು ಬಂತು.

ಅಂಗಡಿಯ ಬಾಗಿಲು ತೆಗೆಯುವ ಮೊದಲು ಅವಳ ಅರ್ಧ ದಿನ ಮುಗಿದಿರುತ್ತಿತ್ತು. ನೀರು ತುಂಬಬೇಕು, ರೊಟ್ಟಿ ಬಡಿಯಬೇಕು, ಅತ್ತೆ ನಾಗಲಿಂಗಮ್ಮನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಡಬೇಕು. ಅತ್ತೆಗೆ ಯಾವ ಕಾಳು ಆಗುತ್ತದೆ, ಗಂಡನ ಹೊಟ್ಟೆಗೆ ಯಾವ ಎಣ್ಣೆ ಒಗ್ಗುವುದಿಲ್ಲ, ಹಳೆಯ ಕುಕ್ಕರಿಗೆ ಯಾವ ಅಳತೆಯ ರಬ್ಬರ್ ಕೂರುತ್ತದೆ, ಎಲ್ಲ ಅವಳೇ ನೆನಪಿಟ್ಟುಕೊಳ್ಳಬೇಕು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ತಿಳಿದಿರುವುದನ್ನು ಆ ಮನೆಯಲ್ಲಿ ಯಾರೂ ಕೆಲಸ ಎಂದುಕೊಂಡಿರಲಿಲ್ಲ.

ಈಚೆಗೆ ಕಂಪ್ಯೂಟರ್ ಏದುಸಿರು ಬಿಡತೊಡಗಿತ್ತು. ಎರಡು ಪುಟ ತೆರೆದರೆ ಮೂರನೆಯದಕ್ಕೆ ನಿಂತೇಬಿಡುತ್ತಿತ್ತು. ಅವಳು ಮುಚ್ಚಳ ಬಿಚ್ಚಿ, ಒಳಗಿನ ರ‍್ಯಾಮ್ ಪಟ್ಟಿಯ ಮೇಲಿನ ಚೀಟಿ ಓದಿ, ಅದು ಕೂರುವ ಮದರ್‌ಬೋರ್ಡಿನ ನಂಬರನ್ನು ಫೋನಿನಲ್ಲಿ ಹುಡುಕಿದಳು. ಡಿಡಿಆರ್ ತ್ರೀ ಜಾತಿಯದು ಮಾತ್ರ ಹಿಡಿಯುತ್ತದೆ. ಪಕ್ಕದಲ್ಲಿ ಇನ್ನೊಂದು ಸೀಳು ಖಾಲಿ ಇದೆ, ಇರುವಂಥದ್ದೇ ಇನ್ನೊಂದು ಪಟ್ಟಿ ಕೂರಿಸಿದರೆ ಸಾಕು. ಗಂಡನಿಗೆ ಹೇಳಿದಳು. ಹಬ್ಬಕ್ಕೆ ಹೇಳಿದಳು, ಹಬ್ಬ ಕಳೆದ ಮೇಲೆ ಹೇಳಿದಳು, ಮುಂದಿನ ವರ್ಷದ ಹಬ್ಬಕ್ಕೂ ಹೇಳಿದಳು.

"ಆ ಡಬ್ಬಿ ನಿಧಾನ ಇಲ್ಲ ಬಿಡು, ನಿನ್ನ ಕೈ ನಿಧಾನ" ಎಂದ ಗುರುಬಸವರಾಜ, ಅಂಗಡಿಯಲ್ಲಿ ಕೂತ ತಂಬ್ರಹಳ್ಳಿಯ ರೈತರ ಎದುರಿಗೇ. ಅವರು ನಕ್ಕರು. ಗಂಗಾಂಬಿಕಾ ಮುಂದಿನವರ ಪಹಣಿ ತೆಗೆಯತೊಡಗಿದಳು.

ಆ ಹೊತ್ತಿಗೆ ಮೈದುನ ಪ್ರವೀಣಕುಮಾರ್ ಹರಪನಹಳ್ಳಿಯಲ್ಲಿಟ್ಟಿದ್ದ ಮೊಬೈಲ್ ಅಂಗಡಿ ಮುಚ್ಚಿ ಮನೆಗೆ ಬಂದ. ಬಂದ ವಾರದಲ್ಲೇ ಊಟಕ್ಕೆ ಕೂತಾಗ ಗಂಡ ತೀರ್ಮಾನ ಹೇಳಿದ. "ನಾಳಿಂದ ಸೆಂಟರ್‌ನ್ಯಾಗ ಪ್ರವೀಣ ಕುಂದರ್ತಾನ. ನೀ ಮನಿ ನೋಡ್ಕ್ಯ. ಅವ್ವಗೂ ವಯಸ್ಸಾತು."

"ಅದು ನಮ್ಮಪ್ಪ ಕೊಟ್ಟ ಕಂಪ್ಯೂಟರ್ ಐತ್ರಿ" ಎಂದಳು ಗಂಗಾಂಬಿಕಾ.

"ಹೌದಾ? ಹಂಗಾರ ನಿಮ್ಮಪ್ಪನ್ನೇ ಕರ್ಸು, ಅವನೂ ಬಂದು ಕುಂದರ್ಲಿ."

ಪ್ರವೀಣ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕ. "ಅತ್ತಿಗಿ, ನಿಮಗ ಅಡಿಗಿ ಮನಿ ಚಲೋ ಬಿಡ್ರಿ. ಮಿಷನ್ ಸಂಗತಿ ನಿಮಗೇನ್ ಗೊತ್ತಾಗ್ತೈತಿ."

ಎರಡು ದಿನಕ್ಕೇ ಅವನಿಗೂ ಕಂಪ್ಯೂಟರ್ ನಿಂತಿತು. "ಅಣ್ಣ, ರ‍್ಯಾಮ್ ಸಾಲವಲ್ದು" ಎಂದ ಅವನು. "ಹೌದೇನು? ಇವತ್ತಽ ಹೊಸಪೇಟಿಗೆ ಹೋಗಿ ತಗಂಬಾ" ಎಂದ ಅಣ್ಣ. ಅವಳು ಅಷ್ಟು ಸಲ ಕೇಳಿದ್ದು ತಮ್ಮನಿಗೆ ಒಂದೇ ಮಾತಿಗೆ ಸಿಕ್ಕಿತು. ಗಂಗಾಂಬಿಕಾ ಒಳಗೆ ಕಲ್ಲಿನ ಮೇಲೆ ಮೆಣಸಿನಕಾಯಿ ಅರೆಯುತ್ತಿದ್ದಳು. ಕೈ ಉರಿಯುತ್ತಿದ್ದುದು ಅವಳಿಗೆ ತಿಳಿಯಲೇ ಇಲ್ಲ.

ಮಧ್ಯಾಹ್ನ ಅವಳ ಫೋನ್ ಬಡಿಯಿತು. ಪ್ರವೀಣ.

"ಅತ್ತಿಗಿ, ಅಂಗಡ್ಯಾವ ಕೇಳ್ತಾನ, ತ್ರೀ ಬೇಕಾ, ಫೋರ್ ಬೇಕಾ ಅಂತ. ನಮ್ಮದು ಯಾವುದೈತಿ?"

ಅವಳ ಕೈಯಲ್ಲಿ ಹಿಟ್ಟಿತ್ತು. ಫೋನನ್ನು ಭುಜಕ್ಕೆ ಒತ್ತಿಕೊಂಡಿದ್ದಳು. ಒಂದು ಶಬ್ದ ಹೇಳಿದರೆ ಮುಗಿಯುತ್ತಿತ್ತು. ಹೇಳಿದರೆ ನಾಳೆಯಿಂದ ಆ ಕುರ್ಚಿಯಲ್ಲಿ ಇವನು ಸುಖವಾಗಿ ಕೂರುತ್ತಾನೆ, ಯಂತ್ರ ಓಡುತ್ತದೆ, ಪ್ರವೀಣನ ಕೈ ಎಷ್ಟು ಚುರುಕು ಎಂದು ಊರು ಹೊಗಳುತ್ತದೆ.

"ಹೊಸಾದು ಯಾವುದು?" ಎಂದು ಕೇಳಿದಳು.

"ಫೋರ್ ಅಂತ."

"ಹೊಸಾದು ಬಿಟ್ಟು ಹಳೇದು ಯಾಕ ತರ್ತಿಯಪ್ಪ? ಎಲ್ಲಾದಕ್ಕಿಂತ ದೊಡ್ಡದು ತಗಂಬಾ."

ಫೋನಿಟ್ಟು ರೊಟ್ಟಿಗೆ ಕೂತಳು. ಅವತ್ತಿನ ರೊಟ್ಟಿಗಳು ಹಪ್ಪಳದ ಹಾಗೆ ತೆಳ್ಳಗೆ ಬಂದವು.

ಅವನು ತಂದ ಪಟ್ಟಿಯನ್ನು ನಾಗಲಿಂಗಮ್ಮ ವೀಳ್ಯದೆಲೆಯ ಮೇಲಿಟ್ಟು ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ಗಂಗಾಂಬಿಕಾ ಕಾಯಿ, ಕರ್ಪೂರದ ತಟ್ಟೆ ಹಿಡಿದು ಅಂಗಡಿಯ ಮೂಲೆಯಲ್ಲಿ ನಿಂತಿದ್ದಳು. ಪ್ರವೀಣ ಮುಚ್ಚಳ ತೆಗೆದು ಪಟ್ಟಿಯನ್ನು ಸೀಳಿನ ಮೇಲಿಟ್ಟ. ಕೂರಲಿಲ್ಲ. ಕೂರುವುದೂ ಇಲ್ಲ, ಪಟ್ಟಿಯ ಕೆಳಗಿನ ಕಚ್ಚು ಒಂದು ಕಡೆ, ಸೀಳಿನೊಳಗಿನ ಗೆಣ್ಣು ಇನ್ನೊಂದು ಕಡೆ. ಅವನು ತಿರುಗಿಸಿ ಇಟ್ಟು ನೋಡಿದ.

"ಹೊಸಾದಲ್ಲ, ಬಿಗಿ ಇರ್ತೈತಿ. ಒತ್ತಲೇ" ಎಂದ ಗುರುಬಸವರಾಜ.

ಅವಳು ಅಂದುಕೊಂಡಿದ್ದು ಇಷ್ಟೇ: ಕೂರುವುದಿಲ್ಲ, ಬಿಚ್ಚಿದ ಮಾಲನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ, ಇಬ್ಬರ ಮುಖ ಬಾಡುತ್ತದೆ. ಒತ್ತುತ್ತಾರೆ ಎಂದುಕೊಂಡಿರಲಿಲ್ಲ. ಅದು ಅವಳ ಯಂತ್ರ. ಅಪ್ಪ ಗಿರಣಿಯ ಧೂಳು ಕೊಡವಿಕೊಂಡು ತಾನೇ ಹೊತ್ತು ಗಾಡಿಗಿಟ್ಟದ್ದು. "ಬಿಡ್ರಿ" ಎನ್ನುವ ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ಗಂಡ ತಿರುಗಿ, "ನೀ ಏನ್ ನೋಡ್ತಿ? ಕರ್ಪೂರ ಹಚ್ಚು" ಎಂದ.

ಅವಳು ಕರ್ಪೂರ ಹಚ್ಚಿದಳು.

ಪ್ರವೀಣ ಎರಡೂ ಹೆಬ್ಬೆರಳು ಇಟ್ಟು ಮೈಭಾರ ಹಾಕಿ ಒತ್ತಿದ. ಒಣ ಶೇಂಗಾ ಸಿಪ್ಪೆ ಒಡೆದಂತೆ ಸದ್ದಾಯಿತು. "ಕುಂತಿತು" ಎಂದು ಸ್ವಿಚ್ ಹಾಕಿದ. ಒಳಗೆ ಒಂದು ಕಿಡಿ, ಆಮೇಲೆ ಸುಟ್ಟ ರಬ್ಬರಿನ ವಾಸನೆ. ಕರ್ಪೂರದ ವಾಸನೆಗೂ ಅದನ್ನು ಮುಚ್ಚಲಾಗಲಿಲ್ಲ. ತನ್ನ ಕೈಯಾರೆ ಸಾಕಿದ ಎತ್ತನ್ನು ತಾನೇ ಕಟುಕರಿಗೆ ಹಿಡಿದುಕೊಟ್ಟಂತೆ ಅವಳಿಗೆ ಅನಿಸಿತು. ಅತ್ತಳು ಕೂಡ, ಆದರೆ ಹಿತ್ತಲಲ್ಲಿ, ಪಾತ್ರೆ ತಿಕ್ಕುತ್ತ. ಪಾತ್ರೆ ಮುಗಿಯುವಷ್ಟರಲ್ಲಿ ಅಳುವೂ ಮುಗಿದಿತ್ತು.

ಬೆಳೆ ವಿಮೆಗೆ ಕೊನೆಯ ದಿನಗಳು. ಅಂಗಡಿಯ ಮುಂದೆ ಜನ ನಿಂತರು, ಬೈದರು, ಬೇರೆ ಸೆಂಟರಿಗೆ ನಡೆದರು. ಗುರುಬಸವರಾಜ ಅಡುಗೆಮನೆಯ ಹೊಸ್ತಿಲಿಗೆ ಬಂದ. ಹಿಂದೆ ಪ್ರವೀಣ, ಮುರಿದ ಪಟ್ಟಿ ಹಿಡಿದುಕೊಂಡು.

"ಫೋರ್ ತಗಂಬಾ ಅಂತ ನೀವಽ ಹೇಳಿದ್ರಿ ಅತ್ತಿಗಿ."

"ಅಡಿಗಿ ಮನ್ಯಾಕಿ ಮಾತು ಕೇಳ್ಕಂಡು ಮಿಷನ್ ಸಾಮಾನು ತಂದಿಯೇನಪ್ಪ?" ಎಂದಳು ಗಂಗಾಂಬಿಕಾ, ಒಲೆಯಿಂದ ಕಣ್ಣೆತ್ತದೆ.

ಗಂಡ ಬೈಯಲು ಬಾಯಿ ತೆರೆದ. ಆದರೆ ಹೊರಗೆ ಯಾರೋ ಶಟರ್ ಬಡಿಯುತ್ತಿದ್ದರು. "ಆತು, ಏನ್ ಮಾಡ್ಬೇಕು ಹೇಳು" ಎಂದ.

ಅವಳು ಹೆಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಇಳಿಸಿದಳು. "ನಾ ಹೊಸಪೇಟಿಗೆ ಹೋಗಿ ಬರ್ತೀನಿ. ಬಂದು ನಾನಽ ಕುಂದರ್ತೀನಿ. ಸೆಂಟರ್ ಲೈಸೆನ್ಸ್ ನನ್ನ ಹೆಸರಿಗೆ ಆಗ್ಲಿ. ಅಡಿಗಿ ಪ್ರವೀಣ ಮಾಡ್ಲಿ."

"ಗಂಡಸು ರೊಟ್ಟಿ ಬಡೀತಾನೇನಲೇ?"

"ಬಡಿಯಾಕ ಬರದಿದ್ರ ಚಪಾತಿ ಒತ್ತಲಿ. ಒತ್ತಾದು ಅವಗ ಚಲೋ ಬರ್ತೈತಿ."

ಹೊಸಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಅವಳು ಸುಟ್ಟ ಬೋರ್ಡಿನ ಬದಲಿಗೆ ಅದೇ ಮಾದರಿಯದೊಂದನ್ನು ಹುಡುಕಿಸಿದಳು. ತನ್ನ ಹಳೆಯ ಪಟ್ಟಿಯನ್ನು ಕರ್ಚೀಫಿನಿಂದ ತೆಗೆದು, ಹೊಸದರ ಪಕ್ಕದಲ್ಲಿಟ್ಟು, ಕಚ್ಚಿಗೆ ಕಚ್ಚು, ವೇಗಕ್ಕೆ ವೇಗ ಹೋಲಿಸಿದಳು. ಅಲ್ಲೇ ಕೂರಿಸಿ ಚಾಲೂ ಮಾಡಿ ನೋಡದೆ ಎದ್ದು ಬರಲಿಲ್ಲ. ಅವಳ ಫೈಲುಗಳಿದ್ದ ಡಿಸ್ಕಿಗೆ ಏನೂ ಆಗಿರಲಿಲ್ಲ. ಲೈಸೆನ್ಸ್ ಬದಲಾಯಿಸಲು ಗಂಡ ಸಾಕಷ್ಟು ಎಳೆದಾಡಿದ. ಅವಳು ಅಷ್ಟು ದಿನವೂ ಶಟರ್ ಅರ್ಧ ಮಾತ್ರ ಎತ್ತಿ, ಅರ್ಧ ಕೆಲಸ ಮಾತ್ರ ಮಾಡಿದಳು.

ಈಗ ಅವಳೇ ಕೂರುತ್ತಾಳೆ. ಮೊನ್ನೆ ನಾಗಲಿಂಗಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು, ದನಿ ತಗ್ಗಿಸಿ ಕೇಳಿದಳು: "ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹೇಳಿದ್ಯವ್ವ?"

"ಹೂಂ ಅತ್ತಿ."

"ಎಲ್ಲಾ ನಿನ್ನ ಕೈಗೇ ಬಂತಲ್ಲ. ಇನ್ನರ ಸಿಟ್ಟು ಬಿಡು. ಹುಡುಗನ ಕೈ ಒಲಿಗೆ ಸುಟ್ಟು ಬೊಬ್ಬಿ ಎದ್ದಾವ."

ಅಷ್ಟರಲ್ಲಿ ಪ್ರವೀಣ ಚಹಾ ತಂದು ಮೇಜಿನ ಮೇಲಿಟ್ಟ. ಗಂಗಾಂಬಿಕಾ ಒಂದು ಗುಟುಕು ಕುಡಿದು ಲೋಟವನ್ನು ಅವನ ಕಡೆ ತಳ್ಳಿದಳು.

"ಸಕ್ಕರಿ ಕಮ್ಮಿ ಆಗೈತಿ. ಇನ್ನೊಮ್ಮೆ ಮಾಡ್ಕಂಬಾ."

ಸಕ್ಕರೆ ಸರಿಯಾಗಿಯೇ ಇತ್ತು.