ತಣ್ಣಗಿದ್ದರೆ ಮಾತ್ರ ಚಹಾ

ಬೆಳಗಿನ ನಮಾಜು ಮುಗಿಸಿದ ವಸ್ರೋನಿ ಬೆಳಕು ಹರಿಯುವ ಮೊದಲೇ ಅಳಿಯ ಖೈರುದ್ದೀನನ ಹಳೇ ಮೆಷಿನ್ ಮಾರುವ ಅಂಗಡಿಯಲ್ಲಿದ್ದಾರೆ. ಹೊಸದಾಗಿ ಹಸಿರು ಬಣ್ಣ ಬಳಿದ ಲೇತಿನಲ್ಲಿ, ಕಡೆಯುವ ಕಬ್ಬಿಣವನ್ನು ಕಚ್ಚಿ ತಿರುಗಿಸುವ ಚಕ್ ಪಕ್ಕದಲ್ಲಿ, ಜ್ವರ ನೋಡುವವರ ಹಾಗೆ ಅಂಗೈ ಇಡುತ್ತಾರೆ. ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

"ಬೆಚ್ಚಗಿದೆ."

ಜಾವಾ ದ್ವೀಪದ ನಮ್ಮ ತೆಗಲ್ ಊರಿನ ಓಣಿಗಳಲ್ಲಿ ಮುಂಗೋಣೆಯಲ್ಲೇ ಲೇತ್ ಇಟ್ಟುಕೊಂಡು ಬದುಕುವ ಮನೆಗಳು ಬೇಕಾದಷ್ಟಿವೆ. ಮುಚ್ಚಿದ ಕಾರ್ಖಾನೆಗಳಿಂದ ಬಂದ ಮೆಷಿನ್‌ಗಳವು. ಕೊಳ್ಳುವ ಮುನ್ನ ಜನ ವಸ್ರೋನಿಯವರನ್ನು ಕರೆದೊಯ್ಯುತ್ತಾರೆ. ಆದರೆ ಊರಿನ ಯಾವ ಅಂಗಡಿಯ ಬೋರ್ಡಿನಲ್ಲೂ ಈ ಮನುಷ್ಯನ ಹೆಸರಿಲ್ಲ.

"ಓಡಿ ಬಿಸಿಯಾದ್ರೆ ಕಬ್ಬಿಣ ಹಿಗ್ಗುತ್ತೆ, ಬೇರಿಂಗ್ ಸಡಿಲ ಇರೋದು ಗೊತ್ತಾಗಲ್ಲ" ಎನ್ನುತ್ತಾರೆ. "ಅದಕ್ಕೇ ಮಾರೋರು ಏಳೋಕೆ ಮುಂಚೆ ನಾನು ಬಂದಿರ್ತೀನಿ." ಪ್ರಾಯದಲ್ಲಿ ಮಧ್ಯಾಹ್ನದ ಹೊತ್ತು, ಓಡುತ್ತಿದ್ದ ಲೇತನ್ನೇ ನೋಡಿ ಮರುಳಾಗಿ ಕೊಂಡವರು ಅವರು. ಕೆಲವೇ ವಾರಗಳಲ್ಲಿ ಅದು ಕೆಟ್ಟು ಕೂತು ಸ್ವಂತ ಅಂಗಡಿಯ ಆಸೆ ಮಣ್ಣುಪಾಲಾಯಿತು. ಆಮೇಲೆ ಬೇರೆಯವರ ಮೆಷಿನ್ ನೋಡುವುದೇ ಕಸುಬಾಯಿತು.

ಇಂದು ಲೇತ್ ಕೊಳ್ಳಲು ಅವರನ್ನು ಕರೆತಂದವಳು ದರ್ಯುನಾ. ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದಳು, ಅದು ಬಾಗಿಲು ಹಾಕಿತು. ಸ್ಕೂಟರು, ಬಳೆ ಎರಡನ್ನೂ ಮಾರಿ ಬಂದಿದ್ದಾಳೆ. ಈ ಸಲ ಮೋಸ ಹೋದರೆ ಮತ್ತೆ ಕೊಳ್ಳುವ ತ್ರಾಣವಿಲ್ಲ.

ಅಷ್ಟರಲ್ಲಿ ಮಲ್ಲಿಗೆ ಚಹಾದ ಮಣ್ಣಿನ ಕುಡಿಕೆ ಹಿಡಿದು ವಸ್ರೋನಿಯವರ ಮಗಳು, ಖೈರುದ್ದೀನನ ಹೆಂಡತಿ ರೊಖ್ಮಾ ಬರುತ್ತಾಳೆ. ಲೋಟದ ತಳದಲ್ಲಿ ಕಲ್ಲುಸಕ್ಕರೆ ಇಟ್ಟು, ಹೊಗೆಯಾಡುವ ಚಹಾ ಸುರಿಯುತ್ತಾಳೆ. ನೋಡಲು ಬಂದ ನನ್ನದೂ ಸೇರಿ ಅಂಗಡಿಯಲ್ಲಿದ್ದವರ ಕಣ್ಣೆಲ್ಲ ಆ ಲೋಟದ ಮೇಲೆ. ವಸ್ರೋನಿ ಕುಡಿದರೆ ಮೆಷಿನ್ ಒಳ್ಳೆಯದು, ಕುಡಿಯದಿದ್ದರೆ ಕೊಳ್ಳಬೇಡಿ ಎಂದರ್ಥ. ಊರಿಗೆಲ್ಲ ಗೊತ್ತಿರುವ ಮಾತಿದು.

ಅವರು ಲೋಟ ಮುಟ್ಟುವುದಿಲ್ಲ.

"ಮಾವ, ಮನೆಯವ್ರ ಮರ್ಯಾದೆನಾದ್ರೂ ಉಳಿಸ್ಬಾರ್ದಾ?" ಖೈರುದ್ದೀನ್ ಮುಖ ಊದಿಸುತ್ತಾನೆ. "ಕರೆಂಟ್ ಬಂದಿದ್ಯಾ ಅಂತ ಸ್ವಲ್ಪ ಓಡಿಸ್ದೆ, ಅಷ್ಟೇ."

"ಕರೆಂಟ್ ನೋಡೋಕೆ ಬಲ್ಬ್ ಸಾಕಾಗಿತ್ತಲ್ಲ ಅಳಿಯಂದ್ರೇ!"

ದರ್ಯುನಾ ಕಿಸಕ್ಕನೆ ನಗುತ್ತಾಳೆ. ರೊಖ್ಮಾ ನಗುವುದಿಲ್ಲ. "ಅಪ್ಪಾ, ಚಹಾ ಆರುತ್ತೆ" ಎನ್ನುವಾಗ ಅವಳ ದನಿ ಸಣ್ಣದಾಗಿದೆ.

ವಸ್ರೋನಿ ಮೂಲೆಯ ಟಾರ್ಪಾಲು ಸರಿಸುತ್ತಾರೆ. ಕೆಳಗೊಂದು ಕುಳ್ಳ ಲೇತು, ತುಕ್ಕು ಹಿಡಿದು ಕೆಂಪಗಾಗಿದೆ. "ಅದು ಗುಜರಿಗೆ ಹೋಗೋದು ಮಾವ" ಎನ್ನುತ್ತಾನೆ ಅಳಿಯ. ಅಂಗೈ ಇಡುತ್ತಾರೆ. ತಣ್ಣಗಿದೆ. ಗಟ್ಟಿಯಾದ ಗ್ರೀಸನ್ನು ಉಗುರಿನಿಂದ ಕೆರೆಯುತ್ತಾರೆ. ಅಬ್ಬಾ, ಅದರಡಿಯ ಹಳಿ ಫಳಫಳ ಹೊಳೆಯುತ್ತದೆ! ಹಳಿಯ ಮೇಲೆ ಉಳಿ ಹೊತ್ತು ಜಾರುವ ಗಾಡಿಯನ್ನು ಚಕ್ ಹತ್ತಿರ ಜಾರುವಷ್ಟೇ ಬಿಗಿ ಮಾಡಿ, ಕಣ್ಣು ಮುಚ್ಚಿ ಆ ತುದಿಗೆ ತಳ್ಳುತ್ತಾರೆ. ಹೆಚ್ಚು ಸವೆಯುವುದು ಚಕ್ ಹತ್ತಿರ. ಅಲ್ಲಿ ಸವೆದಿದ್ದರೆ ಗಾಡಿ ಸವೆಯದ ಆ ತುದಿಯಲ್ಲಿ ಸಿಕ್ಕಿಕೊಳ್ಳಬೇಕು. ನಾವೆಲ್ಲ ಹತ್ತಿರ ಸರಿದು ಬಗ್ಗಿ ನೋಡುತ್ತೇವೆ. ಗಾಡಿ ಎಲ್ಲೂ ತಡೆಯದೆ ತುದಿ ಮುಟ್ಟುತ್ತದೆ. ಸ್ವಿಚ್ ಹಾಕಿದರೆ ಸಣ್ಣ ಗುಂಯ್ ಸದ್ದು, ಗೊರಗೊರ ಇಲ್ಲವೇ ಇಲ್ಲ. ಮೆಷಿನ್ನಿನ ಹೊಟ್ಟೆಯೊಳಗಿನ ಡಬ್ಬಿ ತೆರೆದರೆ ಬದಲಿಸಿ ಹಾಕುವ ಗೇರ್‌ಗಳು ಒಂದೂ ತಪ್ಪದೆ ಇವೆ.

"ನಿನ್ ಮುಂಗೋಣೆಗೆ ಹೇಳಿ ಮಾಡಿಸ್ದಂಗಿದೆ ಕಣವ್ವ" ಎನ್ನುತ್ತಾರೆ. ದರ್ಯುನಾ ತುಕ್ಕು ಹಿಡಿದ ಲೇತನ್ನು ತಬ್ಬಿಕೊಂಡೇ ಬಿಡುತ್ತಾಳೆ.

ವಸ್ರೋನಿ ಬಂದು ಬೆಂಚಿನ ಮೇಲೆ ಕೂತು ಲೋಟಕ್ಕೆ ಕೈ ಚಾಚುತ್ತಾರೆ. "ಆರಿ ತಣ್ಣಗಾಗಿದೆ ಅಪ್ಪಾ, ಬೇರೆ ಮಾಡ್ತೀನಿ" ಎಂದು ರೊಖ್ಮಾ ಏಳುತ್ತಾಳೆ.

"ಬೇಡ, ಅದನ್ನೇ ಕೊಡು."

ಒಂದೇ ಗುಟುಕಿಗೆ ಕುಡಿದು, ತಳದ ಕಲ್ಲುಸಕ್ಕರೆಯನ್ನೂ ಬಾಯಿಗೆ ಹಾಕಿಕೊಳ್ಳುತ್ತಾರೆ. ಸ್ವಂತ ಅಂಗಡಿಯ ಆಸೆಯಂತೂ ಹೋಯಿತು, ಇನ್ನೇನು ಆಸೆಯಿದೆ ಎಂದು ನಾನು ಕೇಳುತ್ತೇನೆ. ಕೆನ್ನೆಯಲ್ಲಿ ಸಕ್ಕರೆ ಒತ್ತರಿಸಿಕೊಂಡು ಮಗಳ ಕಡೆ ನೋಡುತ್ತಾರೆ.

"ಇವಳ ಮದುವೆಯಾಗಿ ಒಂಬತ್ತು ವರ್ಷ ಆಯ್ತು. ಒಂದಿನ ಯಾರ ಮೆಷಿನ್ನೂ ಮುಟ್ಟದೆ ಇಲ್ಲಿಗೆ ಬಂದು, ಇವಳ ಕೈಯಿಂದ ಬಿಸಿ ಚಹಾ ಕುಡೀಬೇಕು."