ಚಿಕ್ಕಬಳ್ಳಾಪುರಕ್ಕೆ ಒಯ್ದ ಕ್ಯಾನು

ದಿಬ್ಬೂರಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟೆವು, ನಾನು ಮತ್ತು ನನ್ನ ಓರಗಿತ್ತಿ ನಂಜಮ್ಮ. ಜೊತೆಗೆ ಒಂದು ಕ್ಯಾನು. ಅದರಲ್ಲಿ ಅವಳ ಇಡೀ ದಿನದ ಉಚ್ಚೆ. ಬಸ್ಸಿನ ತುಂಬ ರೇಷ್ಮೆಗೂಡಿನ ಮೂಟೆ, ಕಾಲಿಡಲು ಜಾಗವಿರಲಿಲ್ಲ. ನಂಜಮ್ಮ ಕ್ಯಾನನ್ನು ಸೆರಗಿನಡಿ ಮುಚ್ಚಿಕೊಂಡು ಕೂತಳು.

"ಏನಜ್ಜಿ ಅದು, ಮಜ್ಜಿಗೇನಾ? ಲಗೇಜ್ ಆಗುತ್ತೆ," ಅಂದ ಕಂಡಕ್ಟರು.

"ಒಂದು ಲೋಟ ಕುಡಿದು ನೋಡಪ್ಪ, ಆಮೇಲೆ ಲಗೇಜ್ ಹಾಕು," ಅಂದೆ.

ಮುಚ್ಚಳ ತೆಗೆದು ಮೂಸಿದ. ಶಿಡ್ಲಘಟ್ಟದವರೆಗೆ ನಮ್ಮ ಕಡೆ ತಲೆ ಹಾಕಲಿಲ್ಲ.

ನಂಜಮ್ಮನಿಗೆ ಉಚ್ಚೆಯಲ್ಲಿ ರಕ್ತ ಹೋಗುತ್ತಿತ್ತು. ಹೋದ ತಿಂಗಳು ಚಿಕ್ಕಬಳ್ಳಾಪುರದ ಡಾಕ್ಟರು ಉಚ್ಚೆಯನ್ನು ಬೆಂಗಳೂರಿಗೆ ಕಳಿಸಿ ನೋಡಿಸಿ, ಸಲ್ಫಟೇಸ್ ಎಂಬ ಕಿಣ್ವ ಜಾಸ್ತಿ ಇದೆ ಎಂದಿದ್ದರು. ಮೈಯೊಳಗಿನ ವಸ್ತುಗಳಿಗೆ ಅಂಟಿದ ಸಲ್ಫೇಟನ್ನು ಕತ್ತರಿಸುವುದು ಅದರ ಕೆಲಸವಂತೆ. ಸೋಂಕಾದರೂ ಏರುತ್ತದಂತೆ, ಕ್ಯಾನ್ಸರಾದರೂ ಏರುತ್ತದಂತೆ. ಯಾವುದೆಂದು ಮಾತ್ರ ಹೇಳುವುದಿಲ್ಲ. ಇದೂ ಒಂದು ಪರೀಕ್ಷೆಯಾ! ಸೋಂಕಿಗೆ ಮಾತ್ರೆ ಕೊಟ್ಟು, ಮುಗಿದ ಮೇಲೆ ಇಡೀ ದಿನದ ಉಚ್ಚೆ ಹಿಡಿದು ಮತ್ತೆ ತನ್ನಿ, ಕಿಣ್ವ ಇಳಿದಿದ್ದರೆ ಸೋಂಕೇ ಇರಬೇಕು, ಇಳಿಯದಿದ್ದರೆ ಒಳಗೆ ಕೊಳವೆ ಹಾಕಿ ನೋಡಬೇಕು ಎಂದಿದ್ದರು.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿದೆವು. ಬಿಸಿಲೇರಿತ್ತು. ಕ್ಯಾನು ತಣ್ಣಗಿರಬೇಕೆಂದು ಹೇಳಿದ್ದರಿಂದ, ಹಿಪ್ಪುನೇರಳೆ ಸೊಪ್ಪಿಗೆ ಮಾಡುವ ಹಾಗೆ ಅದಕ್ಕೆ ಗೋಣಿ ಸುತ್ತಿದ್ದೆ. ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಾ ಹೋದೆ.

ಡಾಕ್ಟರು ಮುಚ್ಚಳ ತೆಗೆದು ನೋಡಿದರು. "ಇದೇನಮ್ಮ, ಬರೀ ನೀರಿದ್ದ ಹಾಗಿದೆ. ಏನಾದ್ರೂ ಬೆರೆಸಿದ್ರಾ?"

ನಂಜಮ್ಮ ಗೋಡೆ ನೋಡಿದಳು. "ಡೇರಿ ಹಾಲಿಗೆ ಹಾಕೋ ಹಂಗೆ ಒಸಿ ಬಾವಿನೀರು ಹಾಕ್ದೆ ಸ್ವಾಮಿ. ಜಾಸ್ತಿ ಅಂದಿದ್ರಲ್ಲ, ಕಮ್ಮಿ ಬರ್ಲಿ ಅಂತ."

"ಬಾವಿನೀರಿಗಾ ನಾನು ಗೋಣಿ ನೆನೆಸ್ಕೊಂಡು ಬಂದಿದ್ದು? ಮಣ್ಣು ತಿನ್ನೋಳೆ," ಅಂದೆ.

"ನಾವು ನೋಡೋದು ಇಡೀ ದಿನದ ಒಟ್ಟು ಲೆಕ್ಕ. ನೀರು ಹಾಕಿದ್ರೆ ಅದು ಕಮ್ಮಿ ಆಗಲ್ಲ," ಎಂದರು ಡಾಕ್ಟರು. "ಆದ್ರೆ ಬೆರಕೆ ಆಗಿರೋದನ್ನ ಕಳಿಸೋಕಾಗಲ್ಲ. ಮತ್ತೆ ಹಿಡಿದು ತನ್ನಿ."

ಆಸ್ಪತ್ರೆಯ ಹಿಂದಿನ ಮೋರಿಗೆ ಸುರಿದು ಕ್ಯಾನು ತೊಳೆದೆ. ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದೆವು, ಕಲ್ಲಿನ ಹಾಗಿತ್ತು. ಅವಳು ಅರ್ಧಕ್ಕೇ ಬಿಟ್ಟಳು.

"ಕ್ಯಾನ್ಸರ್ ಅಂದ್ಬಿಟ್ರೆ ಏನಕ್ಕ ಮಾಡ್ಲಿ?"

"ನೀರು ಹಾಕಿದ್ರೆ ಹೋಗ್ಬಿಡುತ್ತಾ ಅದು?"

ಸಂಜೆ ಬಸ್ಸಿನಲ್ಲಿ ಮೂಟೆಗಳಿರಲಿಲ್ಲ. ಶಿಡ್ಲಘಟ್ಟ ದಾಟಿದ ಮೇಲೆ ಅವಳ ಕಡೆ ತಿರುಗಿ ನೋಡಿದೆ. ಖಾಲಿ ಕ್ಯಾನು ಸೆರಗಿನಡಿ ಇರಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲಿತ್ತು.

"ನಾಳೆ ಬೆಳಿಗ್ಗೆಯಿಂದ ಹಿಡೀಬೇಕು, ಅಲ್ವಾ ಅಕ್ಕ?"

"ಹೂಂ. ಒಂದು ತೊಟ್ಟೂ ಬಿಡಬೇಡ."