ಬಾಗಿಲ ಮೇಲಿನ ಸ್ಟಿಕ್ಕರ್

ಬಳ್ಳಾರಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಡ್ರಾಯಿಂಗ್ ಮಾಸ್ತರರು ಯಾರ ಮನೆಗೆ ಹೋದರೂ ಚಪ್ಪಲಿ ಬಿಡದೆ ಮಾತು ಶುರುಮಾಡುತ್ತಿರಲಿಲ್ಲ. "ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂಬುದೇ ಅವರ ಮೊದಲ ಮಾತು. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಹಲವು ಸಂಘಗಳು ಸೇರಿ ನ್ಯಾಯವಾದ ಚುನಾವಣೆಗಾಗಿ ಒಕ್ಕೂಟ ಕಟ್ಟಿದಾಗ, 'ನಮ್ಮ ಓಟು ಮಾರಾಟಕ್ಕಿಲ್ಲ' ಎಂಬ ಸ್ಟಿಕ್ಕರಿನ ಅಕ್ಷರಗಳನ್ನು ಬರೆದುಕೊಟ್ಟವರು ಅವರು. ಮನೆಯವರು ಒಪ್ಪಿದರೆ ಬಾಗಿಲಿನ ಧೂಳು ಒರೆಸಿ, ಒಂದಿಷ್ಟೂ ಓರೆಯಾಗದಂತೆ ಅಂಟಿಸುತ್ತಿದ್ದರು. ನಮ್ಮ ಮಹಿಳಾ ಸಂಘದ ಪರವಾಗಿ ನಾನೂ ಜೊತೆಗೆ ಹೋಗುತ್ತಿದ್ದೆ.

ಮತದಾನಕ್ಕೆ ಎರಡು ದಿನ ಇರುವಾಗ, ನಾವು ಮೊದಲೇ ಸ್ಟಿಕ್ಕರ್ ಅಂಟಿಸಿದ್ದ ಸಿರುಗುಪ್ಪದ ಓಣಿಯೊಂದಕ್ಕೆ ಮತ್ತೆ ಹೋದೆವು. ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು.

"ಏನ್ರಿ ಮಾಸ್ತರ, ಆಚಿ ಓಣ್ಯಾಗ ಮನಿಗೊಂದು ಕುಕ್ಕರ್ ಕೊಟ್ಟಾರ. ನಿಮ್ಮ ಸ್ಟಿಕ್ಕರ್ ನೋಡಿ ನಮ್ಮನ್ನ ಬಿಟ್ಟು ಹೋದ್ರು. ಬ್ಯಾಳಿ ಇದರಾಗ ಬೇಯಿಸ್ಲೇನು?"

ಓಣಿಯೆಲ್ಲ ನಕ್ಕಿತು. "ನಮ್ದೂ ಕಿತ್ತು ಹೋಗ್ರಿ" ಎಂದು ಒಬ್ಬರ ಹಿಂದೊಬ್ಬರು ಕೂಗಿದರು.

ಮಾಸ್ತರರು ನೀರು ಕೇಳಿ ತೆಗೆದುಕೊಂಡು, ಬಾಗಿಲ ಬಣ್ಣ ಏಳದಂತೆ ನೆನೆಸಿ, ಒಂದೊಂದನ್ನೇ ಉಗುರಿನಿಂದ ಬಿಡಿಸಿದರು. ಉಗುರಿನ ಸಂದಿಯಲ್ಲಿ ಅಕ್ಷರಗಳ ಹಸಿರು ಮೆತ್ತಿಕೊಂಡಿತು. ನಾನು ತಂಬಿಗೆ ಹಿಡಿದು ಹಿಂದೆ ನಡೆದೆ. ಕೊನೆಯ ಮನೆಗೆ ಬೀಗ ಹಾಕಿತ್ತು. ಅಲ್ಲಿದ್ದ ಸ್ಟಿಕ್ಕರಿಗೂ ನೀರು ಹಚ್ಚಿದರು.

"ಇದನ್ಯಾಕ್ರಿ ಸರ್? ಇವರೇನು ಕೇಳಿಲ್ಲಲ್ಲ" ಎಂದೆ.

"ಕೂಲಿಗೆ ಹೋಗ್ಯಾರ, ಪಾಪ," ಎಂದರು ಅವರು, ನನ್ನ ಕಡೆ ತಿರುಗದೆ. "ಕುಕ್ಕರಿನೋರು ಮತ್ತ ಬಂದ್ರ, ಇವರದೊಂದ ಮನಿ ತಪ್ಪಬಾರ್ದಲ್ರಿ."